ಮೇ ತಿಂಗಳಿಗೊಂದು ಬೈಗುಳದ ಕವನ

ವರ್ಷಾ ವರ್ಷಾ ಮೇ ತಿಂಗಳಲ್ಲಿ ನನಗೆ ಏನಾದರೊಂದು ಆಗಿಯೇ ತೀರುತ್ತದೆ, ಅದೂ ಕವಿಗೋಷ್ಠಿಯ ದೆಸೆಯಿಂದಲೇ. ನಾನು ಹುನಗುಂದದ ಸಾಲಿ ಮಾಸ್ತರ. ರಜೆ ಇರುವುದರಿಂದ ಕರೆದಲ್ಲಿಗೆಲ್ಲ ಹೋಗುತ್ತೇನೆ. ಹೋದಲ್ಲೆಲ್ಲ ಮೇ ತಿಂಗಳೆಂದರೆ ತಂಗಾಳಿ, ಮಲ್ಲಿಗೆ, ನಲ್ಲೆಯ ನಗೆ. ಹೊರಗೆ ಡಾಂಬರು ಚಪ್ಪಲಿಗೆ ಅಂಟುತ್ತಿರುತ್ತದೆ, ಒಳಗೆ ಈ ಕವಿಗಳು ಬೆವರು ಒರೆಸಿಕೊಳ್ಳುತ್ತ ತಂಗಾಳಿ ಎನ್ನುತ್ತಾರೆ! ಕೇಳಿದರೆ ಮೈಯೆಲ್ಲ ಉರಿಯುತ್ತದೆ. ಆ ಸಿಟ್ಟಿಗೇ ನಾನೊಂದು ಕವನ ಬರೆದೆ. ಬಿಸಿಲನ್ನು ಬಿಸಿಲೆಂದೇ ಕರೆದು, ಮೇ ತಿಂಗಳನ್ನು ಎದುರಿಗೆ ನಿಲ್ಲಿಸಿಕೊಂಡು ಬೈದ ಕವನ. ಅದನ್ನು ಒಮ್ಮೆಯಾದರೂ ಜನರ ಮುಂದೆ ಪೂರ್ತಿ ಓದಬೇಕು. ನನ್ನ ಆಸೆ ಇಷ್ಟೇ.

ಕೋಗಿಲೆ

ಮೊದಲು ಹೋದದ್ದು ಬಾಗಲಕೋಟೆಗೆ. ಸಂಘಟಕರು ಗೋಷ್ಠಿಗೆ ಮುಂಚೆ ನನ್ನ ಕವನ ಓದಿ ಮುಖ ಗಂಟು ಹಾಕಿಕೊಂಡರು.

"ಸರ, ಇದರಾಗ ಕೋಗಿಲಿನ ಇಲ್ಲಲ್ರಿ."

"ಈ ಬಿಸಲಾಗ ಅದೆಲ್ಲಿ ಹಾಡತೈತ್ರಿ? ನೆಳ್ಳಾಗ ಬಾಯಿ ತಕ್ಕೊಂಡು ಕುಂತಿರತೈತಿ."

"ಅದೆಲ್ಲಾ ನನಗ ಗೊತ್ತಿಲ್ರಿ. ಮೇ ತಿಂಗಳ ಕವನಾ ಅಂದಮ್ಯಾಲೆ ಎಲ್ಲಾರೂ ಕೋಗಿಲಿ ಹಾಕ್ಯಾರ."

ನಾನು ಹಾಳೆ ಕಸಿದುಕೊಂಡು ಹೊರಟೆ. ಅವರು ಬಾಗಿಲ ತನಕ ಬೆನ್ನು ಹತ್ತಿ ಬಂದರು. "ಸಿಟ್ಟಾಗಬ್ಯಾಡ್ರಿ ಸರ, ಒಂದ ಸಣ್ಣ ಕೋಗಿಲಿ ಹಾಕಿದ್ರೂ ನಡೀತೈತಿ!"

ಶಾಲು

ಬಾದಾಮಿಯಲ್ಲಿ ಕೋಗಿಲೆ ಕೇಳಲಿಲ್ಲ, ಸನ್ಮಾನ ಮಾಡಿದರು. ಅತಿಥಿಗಳು ತಡಮಾಡಿದ್ದರಿಂದ ಮುಂಜಾನೆಯ ಗೋಷ್ಠಿ ನಡುಮಧ್ಯಾಹ್ನ ಶುರುವಾಯಿತು. ಮೇಲೆ ತಗಡು, ಸುತ್ತ ಕಾದ ಗುಡ್ಡ. ತಲೆಗೆ ಪೇಟ ಇಟ್ಟರು, ಕೊರಳಿಗೆ ಹಾರ ಹಾಕಿದರು, ಕೊನೆಗೆ ಉಣ್ಣೆಯ ಶಾಲು ಹೊದಿಸಿದರು. ಬಿಸಿಲಿಗೆ ಬೈಯಲು ಬಂದವನಿಗೆ ಉಣ್ಣೆಯ ಶಾಲು! ಇಂಥ ತಲೆಗಳಿಗೆ ಏನೆನ್ನಬೇಕು? ಅದನ್ನು ತೆಗೆದಿಟ್ಟು ಓದಲು ನಿಂತರೆ ಸಂಘಟಕರಲ್ಲೊಬ್ಬರು ಓಡಿಬಂದು ಮತ್ತೆ ಹೊದಿಸಿದರು.

"ತಗೀಬ್ಯಾಡ್ರಿ ಸರ, ಶಾಲ ಕೊಟ್ಟವ್ರು ಮುಂದ ಕುಂತಾರ."

ಕವನದ ಎರಡನೆಯ ನುಡಿಗೆ ಬರುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಬಂತು. ಎಚ್ಚರವಾದಾಗ ಮುಖಕ್ಕೆ ನೀರು ಚಿಮುಕಿಸುತ್ತಿದ್ದರು. ಮರುದಿನ ಪೇಪರಿನಲ್ಲಿ ಫೋಟೋ ಬಂತು. ಕೆಳಗೆ ಹೀಗಿತ್ತು: "ಭಾವಪರವಶರಾಗಿ ಕುಸಿದ ಕವಿ."

ಸಂಡಿಗೆ

ಹಾಳಾಗಿ ಹೋಗಲಿ, ಹೆಂಡತಿಗಾದರೂ ಓದೋಣವೆಂದು ಮನೆಯಲ್ಲಿ ಶುರುಮಾಡಿದೆ. ಅವಳು ಆಗಷ್ಟೇ ಮಾಳಿಗೆಯ ಮೇಲೆ ಸಂಡಿಗೆ ಇಟ್ಟು ಇಳಿದು ಬಂದಿದ್ದಳು. ನಾನು "ತೊಲಗು ಬಿಸಿಲೇ!" ಎಂದು ಅಬ್ಬರಿಸಿದ್ದೇ ತಡ, ಓಡಿಬಂದು ನನ್ನ ಬಾಯಿ ಮುಚ್ಚಿದಳು.

"ಸುಮ್ಮಕ ಕುಂದರ್ರಿ! ನನ್ನ ಸಂಡಗಿ ಇನ್ನಾ ಹಸಿ ಅದಾವ."

ಇನ್ನೊಮ್ಮೆ

ಈ ಸಲ ಇಳಕಲ್ಲಿನಲ್ಲಿ ಗೋಷ್ಠಿ. ಹೊಸ ಎ.ಸಿ. ಸಭಾಂಗಣ. ಎಲ್ಲರಿಗಿಂತ ಕೊನೆಯ ಕವಿ ನಾನು. ನಮ್ಮ ಗೋಷ್ಠಿಗಳಲ್ಲಿ ತಂತಮ್ಮ ಕವನ ಓದಿದವರು ಓದಿದ ಹಾಗೇ ಎದ್ದು ಹೋಗುತ್ತಾರೆ, ಕೊನೆಯವನ ಪಾಲಿಗೆ ಉಳಿಯುವವನು ಮೈಕಿನವನೊಬ್ಬನೇ. ಅವತ್ತು ನೋಡಿದರೆ ಸಭಾಂಗಣ ತುಂಬಿತ್ತು! ಸಂತೆಗೆ ಬಂದ ಹೆಣ್ಣುಮಕ್ಕಳು ಚೀಲದ ಸಮೇತ ನೆಲದ ಮೇಲೂ ಕೂತಿದ್ದರು.

ಇಷ್ಟು ವರ್ಷದ ಸಿಟ್ಟನ್ನೆಲ್ಲ ಕಕ್ಕಿ ಓದಿದೆ. ಕವನ ಪೂರ್ತಿ ಮುಗಿಯಿತು. ಒಬ್ಬರೂ ಏಳಲಿಲ್ಲ. ಚಪ್ಪಾಳೆಯೋ ಚಪ್ಪಾಳೆ.

"ಇನ್ನೊಮ್ಮಿ ಓದ್ರೀ!" ಎಂದು ಕೂಗಿದರು.

ಓದಿದೆ. ಮತ್ತೂ ಕೂಗಿದರು. ಮತ್ತೂ ಓದಿದೆ. ನನ್ನ ಕಣ್ಣು ತುಂಬಿ ಬಂದಿತ್ತು. ಗಂಟಲು ಬಿದ್ದುಹೋಗಿ ಹಾಳೆ ಮಡಚುತ್ತಿದ್ದಾಗ ಮುಂದಿನ ಸಾಲಿನ ಮುದುಕಿಯೊಬ್ಬಳು ಎದ್ದುನಿಂತು ಕೈ ಮುಗಿದಳು.

"ಯಪ್ಪಾ, ನಿಲ್ಲಸಬ್ಯಾಡೋ!"

"ಯವ್ವಾ, ನನ್ನ ಸಿಟ್ಟು ನಿನಗ ಅಷ್ಟ ಹಿಡಿಸ್ತೇನ?" ಎಂದೆ ಗದ್ಗದ ದನಿಯಲ್ಲಿ.

"ಸಿಟ್ಟಾ? ಅದನ್ಯಾರ ಕೇಳ್ಯಾರಪಾ! ನೀ ನಿಲ್ಲಿಸಿದ್ರ ಈ ತಂಪಿನ ಮಷಿನ್ ಬಂದ್ ಮಾಡ್ತಾರಂತ. ಬಿಸಲ ಇಳಿಯುತನಾ ಏನರ ಒದರಕೋಂತ ಇರು."