ಸಜ್ಜೆ ರೊಟ್ಟಿಯ ವಿದ್ಯುತ್ ಸ್ಥಾವರ

ಈ ಎಳ್ಳಮಾವಾಸ್ಯೆಯೊಳಗೆ ನನ್ನ ಮನೆಯ ಅಡುಗೆಯಿಂದಲೇ ಕರೆಂಟು ತೆಗೆಯದಿದ್ದರೆ ನಾನು ಯಲ್ಲಾಲಿಂಗನೇ ಅಲ್ಲ! ಹೀಗೆಂದು ನಾನು ಗುಡುಗಿದ್ದು ರಾಯಚೂರಿನ ನಮ್ಮ ಪಾಲಿಟೆಕ್ನಿಕ್ಕಿನ ಸ್ಟಾಫ್ ರೂಮಿನಲ್ಲಿ, ಹನ್ನೊಂದು ಸಾಕ್ಷಿಗಳ ಎದುರು. ಕಾಲೇಜಿಗೆ ಹೊಸದಾಗಿ ತ್ರೀಡಿ ಪ್ರಿಂಟರ್ ಬಂದಿತ್ತು. ಪ್ಲಾಸ್ಟಿಕ್ ನೂಲನ್ನು ಕರಗಿಸಿ, ಪದರದ ಮೇಲೆ ಪದರ ಇಟ್ಟು, ಬೇಕಾದ ವಸ್ತು ಕಟ್ಟಿಕೊಡುವ ಯಂತ್ರ. ಉಳಿದವರು ಅದರಲ್ಲಿ ಕೀ ಚೈನು ಮಾಡಿಕೊಂಡರು. ನಾನು ವಿದ್ಯುತ್ ಸ್ಥಾವರಕ್ಕೇ ಕೈ ಹಾಕಿದೆ.

ಅಲುಗಾಡುವುದೆಲ್ಲ ಶಕ್ತಿ! ನಮ್ಮ ಮನೆಯಲ್ಲಿ ಅತಿ ಹೆಚ್ಚು ಅಲುಗಾಡುವುದು ನನ್ನ ಹೆಂಡತಿ ಸುಮಂಗಲಾ ರೊಟ್ಟಿ ಬಡಿಯುವ ಹಲಗೆ. ಆ ಪಟಪಟ ಸದ್ದು ಮೂರನೇ ಮನೆಗೆ ಕೇಳುತ್ತದೆ. ಹನ್ನೆರಡು ವರ್ಷದಿಂದ ಅಷ್ಟೂ ಶಕ್ತಿ ಹಾಳು! ಹಲಗೆಯ ಕಟ್ಟಿಗೆ ಕಾಲುಗಳನ್ನು ಗರಗಸದಿಂದ ಕೊಯ್ದು, ನಾಲ್ಕು ಸ್ಪ್ರಿಂಗ್ ಕಾಲು ಪ್ರಿಂಟ್ ಮಾಡಿ ಕೂರಿಸಿದೆ. ಒಂದೊಂದರಲ್ಲೂ ಅಯಸ್ಕಾಂತ, ಸುತ್ತ ತಾಮ್ರದ ತಂತಿ. ರೊಟ್ಟಿ ಬಡಿದರೆ ಅಯಸ್ಕಾಂತ ಕುಣಿದು ಬಲ್ಬು ಹತ್ತುತ್ತದೆ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳು ಇನ್ನು ಗುಬ್ಬಿ ಕೂರುವುದಕ್ಕಷ್ಟೇ!

ಅಮಾವಾಸ್ಯೆಯ ಬೆಳಿಗ್ಗೆ ಹಿತ್ತಲ ಒಲೆಯ ಮುಂದೆ ಅದನ್ನಿಟ್ಟೆ.

“ಇವತ್ತ ಬ್ಯಾಡ್ರಿ,” ಎಂದಳು ಸುಮಂಗಲಾ. “ಹತ್ತಕ್ಕ ಅಣ್ಣ ಗಾಡಿ ತರ್ತಾನ. ಬಾಗಲವಾಡದ ಹೊಲಕ್ಕ ನಲವತ್ತು ಸಜ್ಜಿ ರೊಟ್ಟಿ ಒಯ್ಯಬೇಕು. ನನ್ನ ರೊಟ್ಟಿ ಅಂದ್ರ ತವರಾಗ ಹೆಸರದ. ಒಂದು ಸೀಳಿದ್ರೂ ನಮ್ಮ ವೈನಿ ಬರೋ ಅಮಾಸಿತನಕ ಆಡ್ಕೋತಾರ.”

“ಇದು ಸಾದಾ ಪ್ಲಾಸ್ಟಿಕ್ ಅಲ್ಲ, ಮೆಕ್ಕಿಜೋಳದಿಂದ ಮಾಡಿದ್ದು! ನಮ್ಮ ಸೀಮಿಗೆ ತಕ್ಕ ವಿಜ್ಞಾನ! ನೀ ಬಡಿ ಸಾಕು.”

ಬಡಿದಳು. ಬಲ್ಬು ಮಿಣುಕಿತು! ನಾನು ಕುಣಿದೆ. ಹಲಗೆಯೂ ಕುಣಿಯಿತು. ರೊಟ್ಟಿ ಮಾತ್ರ ಕರ್ನಾಟಕದ ನಕಾಶೆಯಾಯಿತು, ಬೀದರದ ಕಡೆ ಉದ್ದ, ಕಾರವಾರದ ಕಡೆ ಹರಕು.

“ಇದನ್ನ ಹೊಲಕ್ಕ ಒಯ್ಯಲೋ, ಸಾಲಿಗೆ ಒಯ್ಯಲೋ?”

ಆದರೂ ನನ್ನ ಹೆಂಡತಿ ಜಾಣೆ. ಐದಾರು ರೊಟ್ಟಿಯಲ್ಲಿ ಕುಣಿಯುವ ಹಲಗೆಯನ್ನೂ ಹದಕ್ಕೆ ತಂದಳು. ಅಲ್ಲಿಗೆ ಸುಮ್ಮನಿದ್ದಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಬಲ್ಬನ್ನು ಒಲೆಯ ಮೇಲೆ ಗೋಡೆಯ ಮೊಳೆಗೆ ತೂಗುಹಾಕುವ ಹಂಬಲವಾಯಿತು. ತಂತಿ ಗಿಡ್ಡ. ಹಲಗೆಯನ್ನೇ ಒಲೆಯ ಮಗ್ಗುಲಿಗೆ ಎಳೆದೆ.

“ಒಲಿ ಸನೇಕ ಬ್ಯಾಡ್ರಿ!”

“ವಿಜ್ಞಾನಕ್ಕ ಅಡ್ಡ ಬರಬ್ಯಾಡ!”

ಹನ್ನೆರಡನೇ ರೊಟ್ಟಿಗೆ ಒಂದು ಕಾಲು ಮಂಡಿಯೂರಿತು. ನೋಡನೋಡುತ್ತಿದ್ದಂತೆ ಇನ್ನೊಂದು. ಹಲಗೆ ಒಲೆಗೆ ಸಲಾಮು ಹೊಡೆಯಿತು! ಹಿಟ್ಟಿನ ಮುದ್ದೆ, ಎಳ್ಳಿನ ತಟ್ಟೆ, ನೀರಿನ ಬಟ್ಟಲು ಜಾರಿ ರೊಟ್ಟಿಬುಟ್ಟಿಗೆ ಬಡಿದು ಅದನ್ನು ಒಲೆಯತ್ತ ಉರುಳಿಸಿದವು. ಹನ್ನೊಂದೂ ರೊಟ್ಟಿ ಬೂದಿಯ ಪಾಲು. ಬಲ್ಬೂ ಕಣ್ಣು ಮುಚ್ಚಿತು.

ಸುಮಂಗಲಾ ಬೈಯಲಿಲ್ಲ. ಅವಳ ಕಣ್ಣಲ್ಲಿ ನೀರು ಬಂತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಮೆತ್ತಗಾದ ಕಾಲನ್ನು ಎತ್ತಿ ಹಿಸುಕಿ ನೋಡಿದಳು.

“ಇದು ಯಾತರದ್ದಂದ್ರಿ?”

“ಮೆಕ್ಕಿಜೋಳದ್ದು.”

“ಜೋಳದ್ದನ್ನ ಬೆಂಕಿ ಮುಂದ ಇಟ್ರ ಬೇಯ್ತದ ಅಂತ ನಿಮ್ಮ ಕಾಲೇಜಿನ್ಯಾಗ ಕಲಿಸೂದಿಲ್ಲೇನ್ರಿ?”

ಗಂಟೆ ಎಂಟಾಗಿತ್ತು. ನಲವತ್ತು ರೊಟ್ಟಿ ಹೊಸದಾಗಿ ಆಗಬೇಕು. ಹಳೆಯ ಕಾಲುಗಳನ್ನು ನಾನೇ ಕೊಯ್ದು ಒಲೆಗೆ ಹಾಕಿಬಿಟ್ಟಿದ್ದೆ!

“ಕುಂದರ್ರಿ. ಹಲಗಿ ಹಿಡೀರಿ.”

ಚಕ್ಕಳಮಕ್ಕಳ ಕೂತು, ತೊಡೆಯ ಮೇಲೆ ಹಲಗೆ ಇಟ್ಟು, ಎರಡೂ ಕೈಯಿಂದ ಬಿಗಿಹಿಡಿದೆ. ಅವಳು ಬಡಿದಳು. ಒಂದೊಂದು ಏಟೂ ಅಂಗೈಯಿಂದ ಹೊರಟು ಮೊಣಕೈ ದಾಟಿ ದವಡೆಯ ಹಲ್ಲಿಗೆ ಬಂದು ಮುಟ್ಟಿತು. ಆ ದಿನ ಅವಳು ಎಂದಿಗಿಂತ ಜೋರಾಗಿಯೇ ಬಡಿದಳೆಂದು ನನ್ನ ಗುಮಾನಿ. ನಲವತ್ತನೆಯದು ಬುಟ್ಟಿಗೆ ಬಿದ್ದಾಗ ಹೊರಗೆ ಹಾರ್ನು ಕೇಳಿಸಿತು.

ಹೊಲದಲ್ಲಿ ಬೆಳೆಗೆ ನೈವೇದ್ಯವಾಗಿ ಚರಗ ಚೆಲ್ಲಿ ಊಟಕ್ಕೆ ಕುಳಿತೆವು. ಅವಳ ಅಣ್ಣನ ಹೆಂಡತಿ, ಅದೇ ವೈನಿ, ರೊಟ್ಟಿಯನ್ನು ಬಿಸಿಲಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ, ಕೊನೆಗೆ “ಭಾಳ ಛಲೋ ಬಂದಾವ” ಎಂದು ಒಪ್ಪಿಕೊಂಡರು. ಸುಮಂಗಲಾ ಅಂದು ಮೊದಲ ಸಲ ನಕ್ಕಳು. ಅಷ್ಟರಲ್ಲಿ ಅವಳ ಅಣ್ಣ ವಿರೂಪಣ್ಣ ನನ್ನತ್ತ ತಿರುಗಿದರು. ಅವರ ಮುಂದೆಯೂ ಫೋನಿನಲ್ಲಿ ಕೊಚ್ಚಿಕೊಂಡಿದ್ದೆನಲ್ಲ!

“ಮಾಸ್ತರ, ರೊಟ್ಟಿ ಬಡದ್ರ ಕರೆಂಟು ಬರೋ ಮಷೀನ್ ಮಾಡೀರಂತ. ಎಲ್ಲದ ಅದು?”

ಪಲ್ಯ ಬಾಯಿಗೆ ಒಯ್ಯಲು ಎತ್ತಿದ ನನ್ನ ಕೈ ಬೆಳಗಿನ ಹಲಗೆಯ ಏಟಿಗೆ ದಾರಿಯಲ್ಲೇ ಗಡಗಡ ನಡುಗಿ, ಅರ್ಧ ಪಲ್ಯ ಅಂಗಿಯ ಮೇಲೆ ಬಿದ್ದಿತ್ತು.

ಸುಮಂಗಲಾ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

“ಇಲ್ಲೇ ಉಣ್ಣಾಕತ್ತದ ನೋಡಣ್ಣ. ಚಾರ್ಜ್ ಇನ್ನಾ ಇಳಿದಿಲ್ಲ. ಒಂದು ಬಲ್ಬು ಇದ್ರ ಕೊಡು, ಆ ಕೈಗೆ ಕಟ್ಟಿ ನೋಡೂಣು!”