ಮಾವನ ಸಿಸಿಲಿಯನ್ನೂ ನನ್ನ ಹಲ್ಲಿನ ಸೆಟ್ಟೂ

ಹದಿನೈದೇ ದಿನ! ಹದಿನಾರನೆಯ ದಿನ ಮಾವ ಚೆಸ್ ಮಣೆಯ ಮುಂದೆ ಸೋತು ಕೂತಿರುತ್ತಾರೆ, ಬಾಯಲ್ಲಿ ನಾನು ಮಾಡಿದ ಹಲ್ಲಿರುತ್ತದೆ. ಹೀಗೆಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದೆ. ತನ್ನ ಅಪ್ಪನಿಗೆಂದು ಹಾಲಿನಲ್ಲಿ ಬ್ರೆಡ್ ನೆನೆಸುತ್ತಿದ್ದ ಹೆಂಡತಿ ತಲೆ ಕೂಡ ಎತ್ತಲಿಲ್ಲ.

"ಮೊನ್ನೆ ಎಷ್ಟು ನಡೆಗೆ ಸೋತ್ರಿ?"

"ಹದಿನಾಲ್ಕು."

"ಅದರ ಹಿಂದಿನ ಸಲ?"

"ಅದೆಲ್ಲ ಈಗ್ಯಾಕೆ?" ಎಂದೆ ಗಂಭೀರವಾಗಿ.

ನಾನು ಹಲ್ಲಿನ ಸೆಟ್ಟು ಮಾಡುವವನು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾನು ಮೇಣದಲ್ಲಿ ಹಲ್ಲು ಜೋಡಿಸಿ, ಸೆಟ್ಟು ಸಿದ್ಧ ಮಾಡಿ, ಡಬ್ಬಿಯಲ್ಲಿಟ್ಟು ವಾಪಸ್ ಕಳಿಸುತ್ತೇನೆ. ಊರಿನ ಅರ್ಧ ಮುದುಕರು ಬಾಯ್ತುಂಬ ನಗುವುದು ನನ್ನ ಕೃಪೆಯಿಂದ. ಆದರೆ ನಮ್ಮ ಮನೆಯಲ್ಲೇ ಇರುವ ಮಾವ ಬೊಚ್ಚುಬಾಯಿ! ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ ಇರಬೇಕು. ಆರು ತಿಂಗಳ ಹಿಂದೆ ಮಗಳ ಕಾಟ ತಾಳಲಾರದೆ ಅಚ್ಚೇನೋ ಕೊಟ್ಟರು. ಸೆಟ್ಟು ಬಂದ ಮೇಲೆ ಮುಖ ತಿರುಗಿಸಿದರು. ಈ ವಯಸ್ಸಿನಲ್ಲಿ ಯಾರಿಗೆ ಹಲ್ಲು ಕಿರಿಯಲಿ ಎಂಬುದು ಅವರ ವಾದ.

ಮೂವತ್ತಾರು ವರ್ಷ ಗಣಿತದ ಮೇಷ್ಟ್ರಾಗಿ ಹಿಂದಿನ ಬೆಂಚಿನವನಿಗೂ ಕೇಳುವಂತೆ ಗುಡುಗಿದ ಮನುಷ್ಯ. ಈಗ ಬಾಯಿ ತೆರೆದರೆ ಮಾತಿಗಿಂತ ಗಾಳಿಯೇ ಹೆಚ್ಚು ಬರುತ್ತದೆ, ಅದು ಅರ್ಥವಾಗುವುದು ಮಗಳೊಬ್ಬಳಿಗೇ. ಬರಬರುತ್ತಾ ಮಾತೇ ನಿಲ್ಲಿಸಿದರು. ಊಟವೂ ಕಡಿಮೆಯಾಗಿ ಅಂಗಿಗಳು ದೊಗಳೆಯಾದವು. ಹೆಂಡತಿ ಒಂದು ಮಧ್ಯಾಹ್ನ ಆ ಅಂಗಿಗಳ ಪಕ್ಕ ಹಿಡಿದು ಹೊಲಿಯುತ್ತಾ ಕಣ್ಣೊರೆಸಿಕೊಂಡದ್ದನ್ನು ನೋಡಿದೆ. ನನಗೆ ತಡೆಯಲಾಗಲಿಲ್ಲ. ಹೋಗಿ ಮಾವನ ಎದುರು ಕೂತು ಅಂಗಲಾಚಿದೆ. ಅವರ ಬಾಯಿಂದ ಒಂದಿಷ್ಟು ಗಾಳಿ ಬಂತು.

"ಒಂದೇ ಒಂದು ಆಟ ನನ್ನನ್ನ ಸೋಲಿಸಿ, ಅವತ್ತೇ ಹಾಕ್ಕೋತೀನಿ ಅಂತಿದ್ದಾರೆ," ಎಂದು ಹೆಂಡತಿ ಅನುವಾದಿಸಿದಳು.

ಮಾವ ಯಾವಾಗಲೂ ಕಪ್ಪು ಕಾಯಿಯವರು. ನಾನು ರಾಜನ ಮುಂದಿನ ಕಾಲಾಳನ್ನು ನಡೆಸಿದ ತಕ್ಷಣ ಅವರು ರಾಣಿಯ ಕಡೆಯ ಒಂಟೆಯ ಮುಂದಿನ ಕಾಲಾಳನ್ನು ಎರಡು ಮನೆ ದೂಡುತ್ತಾರೆ. ಇದಕ್ಕೆ ಸಿಸಿಲಿಯನ್ ಡಿಫೆನ್ಸ್ ಎಂದು ಹೆಸರು. ಜಗತ್ತೆಲ್ಲ ಆಡುವ ಆಟ, ಜಗತ್ತೆಲ್ಲ ಅದಕ್ಕೆ ಕೊಡುವ ಉತ್ತರಗಳೂ ಮಾವನಿಗೆ ಬಾಯಿಪಾಠ. ಹಾಗಾದರೆ ಯಾರೂ ಆಡದ್ದನ್ನು ಆಡಬೇಕು! ಹಳೆ ಪುಸ್ತಕದಂಗಡಿಯಲ್ಲಿ, ರಟ್ಟು ಕಿತ್ತುಹೋದ ಪುಸ್ತಕವೊಂದರಲ್ಲಿ ನನ್ನ ಬ್ರಹ್ಮಾಸ್ತ್ರ ಸಿಕ್ಕಿತು. ವಿಂಗ್ ಗ್ಯಾಂಬಿಟ್. ಎರಡನೆಯ ನಡೆಯಲ್ಲೇ ಪಕ್ಕದ ಕಾಲಾಳೊಂದನ್ನು ಸುಮ್ಮನೆ ಶತ್ರುವಿನ ಬಾಯಿಗಿಡುವುದು. ಅವನು ಅದನ್ನು ನುಂಗುತ್ತಿರುವಾಗ ನಾವು ನಡುಮಧ್ಯ ನುಗ್ಗುವುದು. ಹಲ್ಲಿಲ್ಲದವರಿಗೆ ಇದಕ್ಕಿಂತ ಒಳ್ಳೆಯ ಬಲೆ ಉಂಟೆ?

ಕೆಲಸದ ಮೇಜಿನ ಮೇಲೆ ಮೇಣ, ಪ್ಲಾಸ್ಟರು, ಅಚ್ಚುಗಳ ನಡುವೆಯೇ ಪುಟ್ಟ ಮಣೆ ಹರಡಿ ಅಭ್ಯಾಸ ಶುರು ಮಾಡಿದೆ. ಐದನೆಯ ದಿನ ದಂತವೈದ್ಯರ ಫೋನು ಬಂತು.

"ಹಲ್ಲಿನ ಡಬ್ಬಿಯಲ್ಲಿ ಒಂದು ಬಿಳಿ ಕುದುರೆ ಬಂದಿತ್ತಲ್ಲ, ಅದನ್ನ ಯಾವ ದವಡೆಗೆ ಕೂರಿಸ್ಬೇಕಿತ್ತು?"

"ಅಯ್ಯೋ ಡಾಕ್ಟ್ರೇ, ಅದು ನಂದು! ವಾಪಸ್ ಕಳಿಸಿಬಿಡಿ."

"ಎಲ್ಲಿಂದ ಕಳಿಸ್ಲಿ? ಪೇಷಂಟು ಮೊಮ್ಮಗಳಿಗೆ ಅಂತ ಜೇಬಿಗೆ ಹಾಕ್ಕೊಂಡು ಹೋದ್ರು."

ಪುಸ್ತಕದ ಪ್ರಕಾರ ಆ ಕುದುರೆ ಐದನೆಯ ನಡೆಯಲ್ಲಿ ಹೊರಗೆ ಬರಬೇಕು. ಯಾರದೋ ಮೊಮ್ಮಗಳ ಕೈಯಲ್ಲಿರುವ ಕುದುರೆಯನ್ನು ನಾನು ಹೇಗೆ ಹೊರಗೆ ತರಲಿ? ಆ ನಡೆಯನ್ನು ಹಾರಿಸಿ, ಆರನೆಯದನ್ನೇ ಐದನೆಯದಾಗಿ ಆಡತೊಡಗಿದೆ. ಸಂಜೆ ಹೊತ್ತು ಹೆಂಡತಿಗೆ ಪುಸ್ತಕ ಕೊಟ್ಟು ಕಪ್ಪಿನ ಕಡೆ ಕೂರಿಸಿದೆ.

"ರೀ, ಇಲ್ಲಿ ಕುದುರೆ ಅಂತ ಬರೆದಿದೆಯಲ್ಲ?"

"ಅದು ಅಲಂಕಾರಕ್ಕೆ. ಮುಂದಿನದು ಆಡು."

ಹತ್ತು ಸಂಜೆ ಹೀಗೇ ಆಡಿ ಹೀಗೇ ಗೆದ್ದೆ. ತಪ್ಪು ಎಷ್ಟು ಚೆನ್ನಾಗಿ ಕೈಗೆ ಕೂತಿತೆಂದರೆ ನಿದ್ದೆಗಣ್ಣಲ್ಲೂ ತಪ್ಪದೆ ಮಾಡಬಲ್ಲವನಾದೆ.

ಭಾನುವಾರ ಬೆಳಿಗ್ಗೆ ಕಿಟಕಿಯ ಪಕ್ಕ ಮಾವನ ದೊಡ್ಡ ಮಣೆ ಸಿದ್ಧವಾಯಿತು. ಮಾವ ಸಿಸಿಲಿಯನ್ ಇಟ್ಟರು. ನಾನು ಬ್ರಹ್ಮಾಸ್ತ್ರ ಬಿಟ್ಟೆ. ಅವರ ಹುಬ್ಬು ಮೇಲೇರಿತು. ಕಾಲಾಳನ್ನು ತಿಂದರು, ಆದರೆ ಮರುನಡೆಯಲ್ಲಿ ನಾನು ಆಸೆ ತೋರಿಸಿದ ಇನ್ನೊಂದು ಕಾಲಾಳನ್ನು ಮುಟ್ಟಲಿಲ್ಲ. ನಡುವಿನ ಕಾಲಾಳು ನುಗ್ಗಿಸಿದರು, ಅದನ್ನು ನಾನು ತಿಂದೆ, ನನ್ನದನ್ನು ಅವರ ರಾಣಿ ತಿಂದು ಮಣೆಯ ಮಧ್ಯದಲ್ಲಿ ನಿಂತಳು. ಎಲ್ಲ ಪುಸ್ತಕದಲ್ಲಿದ್ದಂತೆಯೇ! ಐದನೆಯ ನಡೆ. ಪಳಗಿದ ಕೈ ತಾನಾಗಿಯೇ ಹೋಗಿ ಮಾವನ ಕಾಲಾಳನ್ನು ಕಚಕ್ಕೆಂದು ಎತ್ತಿತು.

ರಾಣಿ ಪಕ್ಕದ ಒಂದೇ ಒಂದು ಮನೆಗೆ ಸರಿದಳು. ನೇರ ಎದುರಿಗೆ ನನ್ನ ರಾಜ. ಓರೆಯಾಗಿ ನೋಡಿದರೆ ಮೂಲೆಯಲ್ಲಿ ನನ್ನ ಆನೆ. ರಾಜನನ್ನು ಉಳಿಸಿಕೊಂಡರೆ ಆನೆ ಹೋಗುತ್ತದೆ, ಆನೆಯನ್ನು ಉಳಿಸಿಕೊಳ್ಳಲು ರಾಜ ಬಿಡುವುದಿಲ್ಲ. ಕುದುರೆ ಹೊರಗೆ ಬಂದಿದ್ದರೆ ರಾಣಿ ಆ ಮನೆಯ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಮಾವನ ಈ ಮಣೆಯಲ್ಲಿ ಕುದುರೆಯೇನೋ ಇತ್ತು, ಎರಡು ಕಣ್ಣು ಬಿಟ್ಟುಕೊಂಡು ನಿಂತಲ್ಲೇ ನಿಂತಿತ್ತು.

ಹನ್ನೊಂದನೆಯ ನಡೆಗೆ ಕೈಯೆತ್ತಿದೆ. ಸೋತದ್ದಕ್ಕೆ ಬೇಜಾರಿಲ್ಲ, ಅದು ಅಭ್ಯಾಸವಾಗಿದೆ. ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಮುಖ ನೋಡಲಾಗಲಿಲ್ಲ. ಇನ್ನೂ ಎಷ್ಟು ಅಂಗಿ ಚಿಕ್ಕದಾಗಬೇಕೋ ಎಂದು ಲೆಕ್ಕ ಹಾಕಿದೆ.

ಉಳಿದ ದಿನಗಳಲ್ಲಿ ಮಾವ ಗೆದ್ದ ಕೂಡಲೇ ಕಾಯಿಗಳನ್ನು ಡಬ್ಬಿಗೆ ಸುರಿದು ಎದ್ದುಹೋಗುತ್ತಿದ್ದರು. ನಾನು ಸೋಲುವುದರಲ್ಲಿ ಹೇಳುವಂಥದ್ದೇನೂ ಇರುತ್ತಿರಲಿಲ್ಲ. ಇವತ್ತು ಏಳಲಿಲ್ಲ. ಕಾಯಿಗಳನ್ನು ಮತ್ತೆ ಐದನೆಯ ನಡೆಗೆ ಜೋಡಿಸಿ, ಮಣೆಗೆ ಬೆರಳು ಕುಟ್ಟುತ್ತಾ ಏನೋ ಹೇಳತೊಡಗಿದರು. ಬರೀ ಗಾಳಿ. ನಾನು ಹೆಂಡತಿಯ ಕಡೆ ನೋಡಿದೆ.

"ಗೊತ್ತಾಗ್ತಿಲ್ಲ ರೀ," ಎನ್ನುತ್ತಾ ಮೇಜಿನ ಬಳಿ ಬಂದು ನಿಂತಳು. "ಏನಪ್ಪಾ? ಆನೆನಾ? ಒಂಟೆನಾ?"

ಮಾವ ಇನ್ನೂ ಜೋರಾಗಿ ಹೇಳಿದರು.

"ಇಲ್ಲಪ್ಪ, ಈ ಚೆಸ್ಸಿನ ಮಾತೆಲ್ಲ ನನಗೆ ತಿಳಿಯಲ್ಲ."

ಹತ್ತು ಸಂಜೆ ಪುಸ್ತಕ ಹಿಡಿದು ಕಪ್ಪು ಆಡಿದವಳು! ನಾನು ಬಾಯಿ ತೆರೆಯುವಷ್ಟರಲ್ಲಿ ಮೇಜಿನ ಕೆಳಗೆ ನನ್ನ ಕಾಲನ್ನು ಬಲವಾಗಿ ತುಳಿದಳು. ಮಾವ ಮೂರನೆಯ ಸಲ ಹೇಳಿದರು, ನಾಲ್ಕನೆಯ ಸಲ ಹೇಳಿದರು. ಪಾಠ ಗಂಟಲಲ್ಲೇ ಸಿಕ್ಕಿಕೊಂಡು ಮುಖ ಕೆಂಪಾಯಿತು. ಕೊನೆಗೆ ಮೇಜು ಗುದ್ದಿ ಮಗಳ ಮುಂದೆ ಕೈಚಾಚಿದರು. ಹಲ್ಲಿನ ಡಬ್ಬಿ ಅವಳ ಕೈಯಲ್ಲೇ ಇತ್ತು.

ಮೇಲಿನದು ಕೂತಿತು. ಕೆಳಗಿನದು ಕೂತಿತು. ಎಡಗಡೆ ಸ್ವಲ್ಪ ಒತ್ತುತ್ತಿರಬೇಕೆಂದು ನನಗೆ ಗೊತ್ತಾಯಿತು, ಅವರಿಗೆ ಅದರ ಪರಿವೆಯೇ ಇಲ್ಲ. ಕುದುರೆಯನ್ನು ಸೀಮೆಸುಣ್ಣ ಹಿಡಿದಂತೆ ಎರಡು ಬೆರಳಲ್ಲಿ ಎತ್ತಿ ಹಿಡಿದು, ಬೀದಿಯ ಕೊನೆಯ ಮನೆಗೂ ಕೇಳುವಂತೆ ಗುಡುಗಿದರು.

"ಅಳಿಯಂದ್ರೇ, ಐದನೇ ನಡೆ ಕುದುರೆ! ಇಷ್ಟು ತಿಳಿಯದವರನ್ನ ದಡ್ಡ ಶಿಖಾಮಣಿ ಅಂತಾರೆ."

ಒಂದಕ್ಷರವೂ ಜಾರಲಿಲ್ಲ! ನನ್ನ ಕಣ್ಣಲ್ಲಿ ನೀರು ಬಂತು. ಕಸುಬಿನವನಿಗೆ ಇದಕ್ಕಿಂತ ದೊಡ್ಡ ಬಿರುದು ಬೇಕೆ? ಪಾಠ ಒಂದೂವರೆ ಗಂಟೆ ನಡೆಯಿತು. ನಡುನಡುವೆ ಮಾವ ತಟ್ಟೆಯ ಬ್ರೆಡ್ಡನ್ನು ಹಾಲಿಗೆ ಅದ್ದದೆಯೇ ಅಗಿದರು. ಹೆಂಡತಿ ಇನ್ನೆರಡು ಚೂರು ತಂದಿಟ್ಟಳು, ಅವೂ ಹೋದವು.

"ನಾಳೆ ಏಳು ಗಂಟೆಗೆ ಬಂದು ಕೂತ್ಕೊಳ್ಳಿ," ಎಂದು ಅಪ್ಪಣೆ ಕೊಡಿಸಿ ಮಾವ ಎದ್ದರು.

ಹೆಂಡತಿ ನನ್ನ ಪಕ್ಕ ಬಂದು ಕೂತಳು. "ರೀ, ದಿನಾ ಹೀಗೇ ಸೋಲ್ತಾ ಇರಿ."

"ಸೋಲೋದು ಅಂದ್ರೆ ಸುಮ್ನೆ ಆಯ್ತಾ?" ಎಂದೆ ಬಿಗುವಾಗಿ. "ಅದಕ್ಕೂ ಅಭ್ಯಾಸ ಬೇಕು."

"ಬೇರೆಯವರಿಗೆ ಬೇಕಾಗತ್ತೆ," ಎಂದಳು.