ಆಷಾಢದ ಪ್ಯಾಕೇಜು

ನಗೆಪಾಟಲಿನ ಪ್ರಸಂಗಗಳಿಗೂ ನನಗೂ ಅದೇನು ಋಣಾನುಬಂಧವೋ ಕಾಣೆ. ಒಂದು ಮುಗೀತು, ಇನ್ನು ನೆಮ್ಮದಿಯಾಗಿ ಕೂರೋಣ ಅನ್ನುವಷ್ಟರಲ್ಲಿ ಇನ್ನೊಂದು ಬಸ್ಸಿಳಿದು ಸೀದಾ ನನ್ನ ಅಂಗಡಿಗೇ ಬರುತ್ತಿತ್ತು. ತೊಂಬತ್ತರ ದಶಕದಲ್ಲಿ ಪಾಂಡವಪುರದ ಬಸ್ ಸ್ಟ್ಯಾಂಡ್ ಎದುರು ನನ್ನದೊಂದು ಎಸ್‌ಟಿಡಿ ಬೂತು. ಜೊತೆಗೆ ಪ್ರವಾಸದ ಬುಕಿಂಗು.

ಬೂತಿನ ಗೋಡೆ ಮೇಲೆ ಒಂದು ದೊಡ್ಡ ಪೋಸ್ಟರು ಇತ್ತು. ಮದರಾಸಿನ ಆಚೆ, ಸಮುದ್ರದ ದಾರಿಯಲ್ಲಿರುವ ಒಂದು ಪಾರ್ಕಿನದು. ನೀಲಿ ನೀರು, ಅದರೊಳಕ್ಕೆ ಜಾರಿಸುವ ಬಣ್ಣದ ಕೊಳವೆಗಳು, ಮೋಡ ಮುಟ್ಟುವ ಹಾಗೆ ಒಂದು ಜೈಂಟ್ ವೀಲು. ನಾನು ಗಂಜಾಂನಲ್ಲಿ ಹುಟ್ಟಿದವಳು, ಕಾವೇರಿಯ ಸದ್ದು ಕೇಳಿಕೊಂಡೇ ನಿದ್ದೆ ಮಾಡಿದವಳು. ನೀರು ನನಗೇನು ಹೊಸದಲ್ಲ. ಆದರೂ ಮಧ್ಯಾಹ್ನ ಬಸ್ಸುಗಳೆಲ್ಲ ಖಾಲಿಯಾಗಿ ನಿಂತು ತೂಕಡಿಸುವ ಹೊತ್ತಿಗೆ ಆ ಪೋಸ್ಟರನ್ನೇ ನೋಡ್ತಾ ಕೂತರೆ ಕಾಲು ನೆಲ ಬಿಟ್ಟ ಹಾಗಾಗುತ್ತಿತ್ತು. ಆ ಪಾರ್ಕನ್ನು ನಾನು ಕಣ್ಣಾರೆ ಕಂಡಿರಲಿಲ್ಲ. ಗಿರಾಕಿಗಳ ಎದುರು ಮಾತ್ರ ಅಲ್ಲೇ ಹುಟ್ಟಿ ಬೆಳೆದವಳ ಹಾಗೆ ಮಾತಾಡುತ್ತಿದ್ದೆ.

ಮದುವೆಮನೆ ಊಟ

ಒಂದು ದಿನ ನಾಲೆ ಬಯಲಿನ ಹಳ್ಳಿಯಿಂದ ಗೌಡರೂ ಅವರ ಹೆಂಡತಿ ಗೌಡತಿಯೂ ಬಂದರು. ಸಂತೆಗೆ ಬಂದವರು, ಬಿಸಿಲಿಗೆ ನೆರಳು ಅಂತ ಒಳಗೆ ನಿಂತವರು. ಗೌಡತಿ ಪೋಸ್ಟರು ನೋಡಿದವರೇ ಅಲ್ಲೇ ಮೈಮರೆತು ನಿಂತುಬಿಟ್ಟರು.

"ಇದ್ಕೆ ಓಗಾಕೆ ಏನ್ ಮಾಡ್ಬೇಕವ್ವ?" ಅಂದರು.

"ಎರಡು ದಾರಿ ಇದೆಯಮ್ಮ. ಲಾಡ್ಜು ಬೇರೆ, ಪಾರ್ಕಿನ ಟಿಕೀಟು ಬೇರೆ, ಊಟ ಬೇರೆ ಅಂತ ನೀವೇ ಒಂದೊಂದಾಗಿ ತಗೊಳ್ಳೋದು. ಇಲ್ಲಾ, ಎಲ್ಲಾ ಸೇರಿಸಿ ಪ್ಯಾಕೇಜು."

"ಪ್ಯಾಕೇಜು ಅಂದ್ರೆ?"

ನನಗೂ ಉತ್ಸಾಹ ಬಂತು. "ಮದುವೆಮನೆ ಊಟ ಇದ್ದ ಹಾಗೆ ಅಮ್ಮ. ಎಲೆ ಮುಂದೆ ಕೂತ್ರೆ ಆಯ್ತು, ಪಾಯಸದಿಂದ ಮಜ್ಜಿಗೆವರೆಗೂ ಬರ್ತಾನೇ ಇರುತ್ತೆ. ಬೇರೆ ಬೇರೆ ಅಂದ್ರೆ ಹೋಟೆಲ್ಲು. ಇಡ್ಲಿ ಕೇಳಿದ್ರೆ ಇಡ್ಲಿ, ವಡೆ ಕೇಳಿದ್ರೆ ವಡೆ."

ಗೌಡರು ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ಅಲ್ಲ ಕಣವ್ವ, ಮದ್ವೆ ಊಟಕ್ಕೆ ಮುಂಚೇನೇ ದುಡ್ ಇಸ್ಕಳಾದು ಯಾವೂರ್ ಪದ್ಧತಿ?"

ನಾನು ರಸೀತಿ ಪುಸ್ತಕ ಮುಚ್ಚಿಟ್ಟೆ. ಅವರು ಸುಮ್ಮನಾಗಲಿಲ್ಲ. "ನೀರಲ್ಲಿ ಅಲೆ ಬೇರೆ ಬತ್ತದೆ ಅಂತ ಬರ್ದವ್ರಲ್ಲ, ಅಲೆ ಬುಡಾರು ಯಾರು?"

"ಮಿಷನ್ನು ಗೌಡ್ರೇ. ಕರೆಂಟಲ್ಲಿ ನಡೆಯುತ್ತೆ."

"ಆಹಾ! ನಮ್ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕೊಡಾಕಿಲ್ಲ, ಅಲ್ಲಿ ಅಲೆಗೆ ಕೊಡ್ತಾವ್ರಾ? ನಡಿಯೇ."

ಉಸಿರಾಡುವ ಫೋನು

ಇದಾದ ಮೇಲೆ ಒಬ್ಬ ಹುಡುಗ ಬಂದ. ಅದೇ ಗೌಡರ ಮಗ. ಹೊಸದಾಗಿ ಮದುವೆಯಾದವನು. ಆಷಾಢ ಕೂಡಿತ್ತು. ನಮ್ಮ ಕಡೆ ಗೊತ್ತಲ್ಲ, ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು. ಹೊಸ ಸೊಸೆಯನ್ನು ಸೀರೆ ಉಡಿಸಿ ತೌರಿಗೆ ಕಳಿಸಿಬಿಡುತ್ತಾರೆ. ಅವಳ ಹಿಂದೆ ಗಂಡನೂ ಹೋದರೆ ಊರೆಲ್ಲ ಆಡಿಕೊಳ್ಳುತ್ತದೆ. ಈ ಹುಡುಗನ ಹೆಂಡತಿ ಕೆ.ಆರ್. ಪೇಟೆ ಆಚೆ, ಹೇಮಾವತಿ ದಂಡೆಯ ಹೇಮಗಿರಿ ಕಡೆಯ ತೌರಿನಲ್ಲಿದ್ದಳು.

ಅವಳ ಮನೆಯಲ್ಲಿ ಫೋನಿಲ್ಲ. ಎದುರುಮನೆ ಕಿರಾಣಿ ಅಂಗಡಿಗೆ ಮಾಡಿ ಕರೆಸಬೇಕು. ಅಂಗಡಿಯವನು ಪಕ್ಕದಲ್ಲೇ ಕಿವಿ ಕೊಟ್ಟು ನಿಂತಿರುವಾಗ ಆ ಹುಡುಗಿ ತಾನೆ ಏನು ಮಾತಾಡಿಯಾಳು? ಇವನು ಗಾಜಿನ ಬಾಗಿಲು ಎಳೆದುಕೊಂಡು ಒಳಗೆ ನಿಂತ. ಬಹಳ ಹೊತ್ತು ತುಟಿ ಅಲ್ಲಾಡಲಿಲ್ಲ. ಕಣ್ಣು ಮುಚ್ಚಿಕೊಂಡು ನಗ್ತಾ ಇದ್ದಾನೆ! ಮೀಟರ್ ಓಡ್ತಾನೇ ಇದೆ. ನನಗೆ ತಡೆಯಲಾಗಲಿಲ್ಲ, ಗಾಜು ಕುಟ್ಟಿದೆ. "ಏನಪ್ಪ, ಲೈನ್ ಸಿಕ್ತಾ ಇಲ್ವಾ?"

"ಸಿಕ್ಕದೆ ಮೇಡಂ."

"ಮತ್ತೆ ಮಾತೇ ಇಲ್ಲ?"

"ಉಸ್ರು ಬುಡ್ತಾವ್ಳೆ," ಅಂದ. "ಕೇಳುಸ್ಕತಾವ್ನಿ."

ಬೈಯೋಣ ಅಂತ ಬಾಯಿ ತೆರೆದವಳು ಸುಮ್ಮನೆ ಬಂದು ಕೂತೆ. ಏನೋ ಒಂಥರಾ ಆಯ್ತು. ಹೊರಗೆ ಬಂದವನು ಪೋಸ್ಟರಿನ ಕೆಳಗೆ ನಿಂತು ಮೆಲ್ಲಗೆ ಹೇಳಿದ. ಅವನ ಮನೆ ತುಂಬ ಅಣ್ಣ ಅತ್ತಿಗೆಯರು, ಮಕ್ಕಳು ಮರಿ. ಗಂಡ ಹೆಂಡಿರಿಗೆ ಅಂತ ಕೊಟ್ಟಿದ್ದು ರಾಗಿ ಮೂಟೆ ಇಡುವ ಕೋಣೆ. ಕೋಳಿ ಕೂಗುವ ಮೊದಲೇ ಯಾರಾದರೂ ಒಬ್ಬರು ರಾಗಿಗೆ ಅಂತ ಬಾಗಿಲು ತಟ್ಟುತ್ತಾರೆ. "ಒಂದೇ ಒಂದ್ ದಿನ ಮೇಡಂ, ಯಾರೂ ಬಾಗ್ಲು ತಟ್ಟದಂಗೆ ನಾವಿಬ್ರೇ ಇರ್ಬೇಕು." ಅವಳು ಬೆಂಗಳೂರಿನ ಅಕ್ಕನ ಮನೆಗೆ ಅಂತ ಹೊರಡುವುದು, ಇವನು ಹಾಲಿನ ಡೈರಿ ತರಬೇತಿ ಅಂತ ಹೊರಡುವುದು, ಬೆಂಗಳೂರಲ್ಲಿ ಸೇರಿಕೊಂಡು ಪಾರ್ಕಿಗೆ ಹೋಗುವುದು.

"ಪ್ಯಾಕೇಜ್ ತಗೊಳಪ್ಪ, ಸಲೀಸು," ಅಂದೆ.

"ಅದ್ರಲ್ಲಿ ಜನ ಇರ್ತಾರಲ್ಲ ಮೇಡಂ! ಲಾಡ್ಜು ಬೇರೆ, ಟಿಕೀಟು ಬೇರೆ ಮಾಡ್ಕೊಡಿ."

ಮಾಡಿಕೊಟ್ಟೆ. ನನಗೆ ಗೊತ್ತಿದ್ದದ್ದು ಪಾರ್ಕಿನ ಪಕ್ಕದ ಒಂದೇ ಲಾಡ್ಜು. ಅಲ್ಲೇ ಮಹಡಿ ಮೇಲೆ ಒಂದು ರೂಮು ಹೇಳಿದೆ. ಸಂತೋಷಕ್ಕೆ ಆ ಹುಡುಗ ಫೋನಿನ ಚಿಲ್ಲರೆ ತಗೊಳ್ಳೋದು ಮರೆತು ಹೊರಟ. ಕರೆದು ಕೊಟ್ಟರೆ, "ಬುಡಿ ಮೇಡಂ, ಇನ್ನೊಂದ್ ಸಲ ಉಸ್ರು ಕೇಳಾಕಾಯ್ತದೆ," ಅಂದ.

ಎಲೆ ಎತ್ತುವವರು

ಆ ವಾರವೇ ಗೌಡತಿ ಒಬ್ಬರೇ ಬಂದರು. ಬೆಂಚಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು.

"ಅವತ್ತು ಪ್ಯಾಕೇಜು ಅಂದ್ರಲ್ಲವ್ವ, ಅದ್ರಲ್ಲಿ ಅಡ್ಗೆ ಮಾಡಾರು ಯಾರು?"

"ಅವರೇ ಅಮ್ಮ."

"ಬಡ್ಸಾರು?"

"ಅವರೇ."

"ಎಲೆ ಎತ್ತಾರು?"

"ಅದೂ ಅವರೇ."

ಗೌಡತಿ ಪೋಸ್ಟರು ನೋಡುತ್ತಾ ಕೂತರು. ಧರ್ಮಸ್ಥಳ, ತಿರುಪತಿ, ಎಲ್ಲಿಗೆ ಹೋದರೂ ಸೀಮೆಎಣ್ಣೆ ಸ್ಟೌವು, ಅಕ್ಕಿ ಗಂಟು ಹೊತ್ತುಕೊಂಡು ಹೋಗಿ ಛತ್ರದಲ್ಲಿ ಬೇಯಿಸಿ ಹಾಕಿದ ಹೆಂಗಸು. ದೇವರ ಮುಖಕ್ಕಿಂತ ಸ್ಟೌವಿನ ಮುಖ ನೋಡಿದ್ದೇ ಹೆಚ್ಚು. "ಬರ್ಕಳವ್ವ, ನಮ್ಮಿಬ್ರುದ್ನೂ," ಅಂದರು. "ಅವ್ರು ಬಯ್ಕಂಡೇ ಬತ್ತಾರೆ."

ಆ ತಿಂಗಳು ಹೊರಡುವುದು ಒಂದೇ ಬಸ್ಸು. ಮಗ ಹೋಗುವ ದಿನವೇ, ಅದೇ ಲಾಡ್ಜಿಗೆ. "ಶ್ರಾವಣದಲ್ಲಿ ಹೋಗಿ ಅಮ್ಮ, ಚೆನ್ನಾಗಿರುತ್ತೆ," ಅಂದೆ. "ಶ್ರಾವಣದಲ್ಲಿ ಹಬ್ಬ ಕಣವ್ವ, ಮತ್ತೆ ನಾನೇ ಬೇಯಿಸ್ಬೇಕು," ಅಂದರು. ಬರೆದುಕೊಂಡೆ.

ಮರುದಿನ ಮಗನಿಗೆ ವಿಷಯ ಹೇಳಿದೆ. "ಅವ್ವ ನೋಡ್ಬುಟ್ರೆ ಮುಗೀತು ಮೇಡಂ. ಆಷಾಢ ಮುರ್ದ ಸೊಸೆ ಅಂತ ಅವ್ಳನ್ನ ಮನೆಗೇ ಸೇರ್ಸಾಕಿಲ್ಲ." ಬೇಡ ಅಂತ ಅವಳಿಗೆ ಹೇಳೋಣ ಅಂದರೆ ಮಳೆಗೆ ಕೆ.ಆರ್. ಪೇಟೆ ಲೈನು ಸತ್ತು ಮಲಗಿತ್ತು. ಅವಳು ಹೊರಟುಬಂದರೆ ಬೆಂಗಳೂರಲ್ಲಿ ಒಬ್ಬಳೇ ನಿಲ್ಲುತ್ತಾಳೆ. ಹೋಗಲೇಬೇಕು. ಕೊನೆಗೆ, ಇವರಿಬ್ಬರೂ ಅವ್ವನ ಕಣ್ಣಿಗೆ ಬೀಳದ ಹಾಗೆ ನೋಡಿಕೊಳ್ಳೋಕೆ ಅಂತ ನಾನೂ ಪ್ಯಾಕೇಜಿನ ಜೊತೆ ಹೊರಟೆ. ನಮ್ಮ ಯಜಮಾನರು ಬೂತಿನ ಬೀಗದ ಕೈ ಇಸಕೊಂಡು, "ಪಾರ್ಕು ನೋಡೋಕೆ ಇಷ್ಟು ದೊಡ್ಡ ಸುಳ್ಳು ಕಟ್ಟಬೇಕಾಗಿತ್ತಾ?" ಅಂದರು.

ಹೊಸಿಲಿಲ್ಲದ ಬಾಗಿಲು

ಬೆಳಿಗ್ಗೆ ಲಾಡ್ಜಿನ ಮುಂದೆ ಇಳಿದೆವು. ಗಾಳಿಯಲ್ಲಿ ಉಪ್ಪಿನ ವಾಸನೆ. ಗೋಡೆಯಾಚೆ ಜೈಂಟ್ ವೀಲು ಎಳೆಬಿಸಿಲಲ್ಲಿ ನಿಧಾನವಾಗಿ ತಿರುಗುತ್ತಿತ್ತು. ನಾನು ಬ್ಯಾಗು ಕೈಯಲ್ಲೇ ಹಿಡಿದು ನಿಂತುಬಿಟ್ಟೆ. ಪೋಸ್ಟರಿನೊಳಗೆ ಯಾರೋ ನನ್ನನ್ನು ಇಳಿಸಿ ಹೋದ ಹಾಗಿತ್ತು.

ಗೌಡತಿ ಬಾಗಿಲಿಗೆ ಬಂದು ಅಭ್ಯಾಸಬಲದಿಂದ ಹೊಸಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳೋಕೆ ಬಗ್ಗಿದರು. ಕೈ ತಡವಿದರು. ನೆಲ ಒಳಗೂ ಹೊರಗೂ ಒಂದೇ ಸಮ. "ಇದ್ಯಾವ ಸೀಮೆ ಮನೆಯವ್ವ, ಹೊಸ್ಲೇ ಇಲ್ಲ!"

ಲಾಡ್ಜಿನ ಮ್ಯಾನೇಜರು ಕೋಲಾರದ ಕಡೆಯವನು, ಕನ್ನಡ ಬರುತ್ತಿತ್ತು. "ಪೆಟ್ಟಿಗೆ ಎಳೆಯೋಕೆ ಸಲೀಸಾಗಲಿ ಅಂತ ಅಮ್ಮ," ಅಂದ. "ಪೆಟ್ಗೆ ಎಳ್ಯಾಕಾದ್ರೆ ದೆವ್ವಕ್ಕೂ ಸಲೀಸಲ್ವ?" ಅಂದರು ಗೌಡತಿ.

ತಿಂಡಿಗೆ ಎಲೆ ಹಾಕಿದರು. ಗೌಡತಿ ಹೊಸ ಹುಡುಗಿ ಹಾಗೆ ಕೈ ಕಟ್ಟಿ ಕೂತರು. ಎರಡು ತುತ್ತು ತಿಂದಿರಬೇಕು. ನೋಡ್ತೀನಿ, ಎಡಗೈಯಲ್ಲಿ ಸಾಂಬಾರಿನ ಬಕೆಟ್ಟು ಹಿಡಿದು ಸಾಲಿನಲ್ಲಿ ಹೊರಟಿದ್ದಾರೆ! "ಅಮ್ಮಾ, ಕೂತ್ಕೊಳ್ಳಿ! ದುಡ್ಡು ಕೊಟ್ಟಿದ್ದೀರಿ!" ಅಂತ ಕಿರುಚಿದೆ.

"ಇವ್ಕೆ ಬಡ್ಸಾಕೆ ಬರಾಕಿಲ್ಲ ಕಣವ್ವ," ಅಂದರು, ಬಡಿಸುವ ಹುಡುಗರ ಮುಖದ ಮೇಲೇ.

ಆಕಾಶದ ಶಾಸ್ತ್ರ

ಪಾರ್ಕಿನೊಳಗೆ ನಮ್ಮ ಜನವೆಲ್ಲ ಅಲೆ ನೋಡಲು ಓಡಿತು. ಗೌಡರು ಮಿಷನ್ನು ಎಲ್ಲಿದೆ ಅಂತ ಹುಡುಕಿಕೊಂಡು ಹೋದರು. ಗೌಡತಿಗೆ ಬೇಕಾಗಿದ್ದು ಜೈಂಟ್ ವೀಲು. ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ತೊಟ್ಟಿಲಲ್ಲಿ ಕೂತರು. ವೀಲು ನಡೆಸುವವನು ಇನ್ನೂ ಇಬ್ಬರು ಬೇಕು ಅಂತ ಸಾಲಿನಿಂದ ಒಂದು ಜೋಡಿಯನ್ನು ಕರೆದು ಎದುರು ಸೀಟಿಗೆ ಹತ್ತಿಸಿದ. ಆ ಜೋಡಿಗೆ ಲೋಕದ ಪರಿವೆಯೇ ಇಲ್ಲ, ಒಬ್ಬರನ್ನೊಬ್ಬರು ನೋಡ್ತಾ ನೋಡ್ತಾನೇ ಬಂದು ಕೂತರು. ಕಂಬಿ ಬಿತ್ತು. ತೊಟ್ಟಿಲು ಮೇಲೆದ್ದಿತು. ಆಗ ತಿರುಗಿ ನೋಡಿದರು.

ಎದುರಿಗೆ ಅವ್ವ!

ಶಿವನೇ, ಅಲ್ಲಿಂದ ಇಳಿಯೋಕೂ ಆಗಲ್ಲ, ಹಾರೋಕೂ ಆಗಲ್ಲ. ಹುಡುಗಿ ಸೆರಗು ತಲೆ ಮೇಲೆ ಎಳೆದುಕೊಂಡು ನಡುಗುತ್ತಿದ್ದಳು. ಮಗ, "ಅವ್ವ, ತರಬೇತಿ..." ಅಂದ. ನಾನು ಕಣ್ಣು ಮುಚ್ಚಿ ಗಂಜಾಂ ನಿಮಿಷಾಂಬೆಗೆ ಹರಕೆ ಹೊತ್ತೆ. ತೊಟ್ಟಿಲು ತುದಿಗೆ ಹೋಗಿ ನಿಂತಿತು. ಸದ್ದೆಲ್ಲ ಕೆಳಗೇ ಉಳಿಯಿತು. ಕಣ್ಣು ಬಿಟ್ಟರೆ ಸುತ್ತ ಬರೀ ಗಾಳಿ, ಆಚೆ ಕೊನೆಯೇ ಇಲ್ಲದ ಸಮುದ್ರ.

ಗೌಡತಿ ಬಗ್ಗಿ ತೊಟ್ಟಿಲಿನ ಬಾಗಿಲ ಬುಡವನ್ನು ಕೈಯಿಂದ ತಡವಿದರು. "ಇದ್ಕೂ ಹೊಸ್ಲಿಲ್ಲ," ಅಂದರು. ಆಮೇಲೆ ಕೆಳಗೆ ನೋಡಿದರು. "ನೆಲಾನೂ ಇಲ್ಲ. ಶಾಸ್ತ್ರ ಎಲ್ಲ ನೆಲದ್ ಮ್ಯಾಲಿರೋರಿಗೆ. ಯಾಕವ್ವ ಅಂಗ್ ನಡುಗ್ತೀಯೆ? ಚಳಿನಾ?"

ಹುಡುಗಿ ಜೋರಾಗಿ ಅತ್ತಳು. ಗೌಡತಿ ಅವಳ ಕೈ ಎಳೆದು ತಮ್ಮ ತೊಡೆ ಮೇಲೆ ಇಟ್ಟುಕೊಂಡರು. "ನನ್ ತೌರೂ ಅದೇ ಹೊಳೆ ದಂಡೆ ಕಣವ್ವ. ನಮ್ ಆಷಾಢದಲ್ಲಿ ಹೇಮಾವತಿ ತುಂಬಿ ಹರೀತಿತ್ತು, ಹರಿಗೋಲು ಹಾಕಾಕಿಲ್ಲ ಅಂದ್ರು. ನಿಮ್ಮಾವ ಈಜ್ಕಂಡೇ ಬಂದ್ಬುಟ್ರು. ಕಬ್ಬಿನ ಗದ್ದೇಲಿ ಕುಂತು ಅವ್ರ ತಲೆ ಒರ್ಸಿದ್ದೇ ಆಯ್ತು, ಮಾತೇ ಆಡ್ನಿಲ್ಲ." ಸಮುದ್ರದ ಕಡೆ ನೋಡಿದರು. "ಈಗ ನೀರಿಗೆ ಟಿಕೀಟಾ ಅಂತ ರೇಗ್ತಾರೆ. ಪುಕ್ಕಟೆ ನೀರಲ್ಲಿ ಮಜಾ ಮಾಡ್ದೋರಲ್ವಾ!"

ನನಗೆ ಆ ತೊಟ್ಟಿಲು ಇಳಿಯುವುದೇ ಬೇಡ ಅನ್ನಿಸಿತ್ತು. ಇಳಿಯಿತು. ಕೆಳಗೆ ಗೌಡರು ನಿಂತಿದ್ದರು. ಮಗನನ್ನು ನೋಡಿದರು, ಸೊಸೆಯನ್ನು ನೋಡಿದರು. "ಡೈರಿ ಅಧ್ಯಕ್ಷ ನಾನು. ತರಬೇತಿ ಇದ್ರೆ ನಂಗ್ ಗೊತ್ತಾಗ್ತಿರ್ನಿಲ್ವೇನ್ಲಾ?" ಅಂದು, ವೀಲಿನವನ ಕಡೆ ತಿರುಗಿ, "ಇವರಿಬ್ರುನ್ನೇ ಇನ್ನೊಂದ್ ಸುತ್ತು ಬುಡಪ್ಪ," ಅಂದರು.

ಎರಡು ಎಲೆ

ಮಧ್ಯಾಹ್ನ ಲಾಡ್ಜಿನಲ್ಲಿ ಪ್ಯಾಕೇಜಿನವರಿಗೆಲ್ಲ ಎಲೆ ಹಾಕಿದ್ದರು. ಗೌಡತಿ ತಾವೇ ಇನ್ನೆರಡು ಎಲೆ ತಂದು ತಮ್ಮ ಪಕ್ಕ ಹಾಸಿ, ಮಗ ಸೊಸೆಯನ್ನು ಕೂರಿಸಿದರು. ಮ್ಯಾನೇಜರು ಓಡಿ ಬಂದ.

"ಮೇಡಂ, ಇವರದ್ದು ರೂಮು ಬೇರೆ, ಟಿಕೀಟು ಬೇರೆ. ಪ್ಯಾಕೇಜಲ್ಲಿ ಇವರು ಬರಲ್ಲ. ಎಬ್ಬಿಸಿ."

ಹುಡುಗ ಏಳೋಕೆ ಹೋದ. ಗೌಡತಿ ಅವನ ತೋಳು ಹಿಡಿದು ಕೂರಿಸಿದರು. "ಯಾಕಪ್ಪ ಬರಾಕಿಲ್ಲ? ಪ್ಯಾಕೇಜು ಅಂದ್ರೆ ಮದ್ವೆಮನೆ ಊಟ ಅಂತ ಈ ಅವ್ವನೇ ಯೋಳವ್ಳೆ."

"ಹೇಳಿದ್ರೆ?" ಅಂದ ಮ್ಯಾನೇಜರು, ನನ್ನನ್ನು ದುರುಗುಟ್ಟಿ ನೋಡುತ್ತಾ.

ಅಷ್ಟು ಹೊತ್ತು ತಲೆ ಎತ್ತದೆ ಪಾಯಸ ಹೊಡೆಯುತ್ತಿದ್ದ ಗೌಡರು ಕೈ ನೆಕ್ಕಿಕೊಂಡು ಹೇಳಿದರು: "ಅಲ್ಲ ಕಣಯ್ಯ, ಮದ್ವೆ ಊಟಕ್ಕೆ ಮುಂಚೇನೇ ದುಡ್ ಇಸ್ಕಂಡೆ, ಕೊಟ್ಟೋ. ಈಗ ಗಂಡು ಹೆಣ್ಣುನ್ನೇ ಎಬ್ಬುಸ್ಬುಟ್ರೆ, ನಾವು ಉಣ್ತಾ ಇರಾದು ಯಾರ್ ಮದ್ವೇದು?"